ಬಣ್ಣದ ವಿಭೂತಿ

ಅಸೂಟಿಯ ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಬೀಗರು ಬಂದರೆ, ಪರವೂರಿನವರು ಬಂದರೆ, ಕಚೇರಿಯ ಮಂದಿ ಬಂದರೆ ಪಡಸಾಲೆಯಲ್ಲಿ ಜಮಖಾನೆ ಹಾಸಬೇಕು. ಬೆಳಗಿದ ದೊಡ್ಡ ತಾಟು, ಪಕ್ಕದಲ್ಲಿ ತಂಬಿಗೆ ಇಟ್ಟು, ಸಾಕು ಸಾಕು ಎಂದರೂ ಇನ್ನೊಂದು ರೊಟ್ಟಿ ಹಾಕಬೇಕು. ಮನೆಯವರು ಮಾತ್ರ ಅಡಿಗೆಮನೆಯಲ್ಲಿ ಒಲೆಯ ಸುತ್ತ ಕೂಡಬೇಕು. ಅಲ್ಲಿ ಉಪಚಾರವಿಲ್ಲ. ನನ್ನ ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಹಂಚಿನ ಮೇಲಿಂದ ತೆಗೆದ ರೊಟ್ಟಿಯನ್ನು ಕೈ ಸುಡುವ ಮೊದಲೇ ನಮ್ಮ ತಾಟುಗಳಿಗೆ ಒಗೆಯುತ್ತಿದ್ದಳು. ತೊಡೆಯ ಮೇಲೆ ಬಿದ್ದರೆ ಎಲ್ಲರೂ ನಗುವುದು. ಅಪ್ಪನ ತಮ್ಮ ಶಂಕ್ರಕಾಕಾ ಮಾತ್ರ ರೊಟ್ಟಿಯನ್ನು ಗಾಳಿಯಲ್ಲೇ ಹಿಡಿಯುತ್ತಿದ್ದ. ಅವನು ರೋಣದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ.

"ಮಾಸ್ತರ ಆದ್ರೂ ಹುಡುಗಾಟಿಕಿ ಹೋಗಿಲ್ಲ ನೋಡು ಇವಂದು," ಎಂದು ಆಯಿ ಬೈಯುತ್ತಿದ್ದಳು. ಬೈದು ಇನ್ನೊಂದು ಒಗೆಯುತ್ತಿದ್ದಳು.

ಪಡಸಾಲೆಗೂ ಅಡಿಗೆಮನೆಗೂ ನಡುವೆ ದೇವರ ಕೋಣೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ದೇವರ ಜಗಲಿಯ ಮೇಲೆ ನಂದಿ, ಬಸವಣ್ಣನ ಪಟ, ಎಣ್ಣೆ ಜಿನುಗುವ ಹಿತ್ತಾಳೆಯ ದೀಪದ ಸಮೆ. ಇವುಗಳ ಹಿಂದೆ ಗೋಡೆಗೆ ಒಂದು ಚಿತ್ರ. ಮೊಳದಷ್ಟು ಅಗಲದ ಕಾಗದ, ಸಾಗವಾನಿಯ ಚೌಕಟ್ಟು. ನಮ್ಮೂರ ಹೊರಗಿನ ಹಾಳು ಗುಡಿಯನ್ನು ಬಹಳ ಹಿಂದೆ ಯಾರೋ ಪರದೇಶದ ಸಾಹೇಬ ನೀರಿನ ಬಣ್ಣದಲ್ಲಿ ಬರೆದದ್ದು. ಶಿಖರದ ಅರ್ಧ ಬಿದ್ದಿದೆ. ಉಳಿದರ್ಧದ ಸಂದಿಯಲ್ಲಿ ಆಲದ ಸಸಿ ಬೇರಿಳಿಸಿದೆ. ಒಂದು ಕಂಬ ವಾಲಿದೆ. ಗುಡಿಯ ಮುಂದೆ ಕೊಡ ಹೊತ್ತ ಒಬ್ಬ ಹೆಣ್ಣುಮಗಳು, ಬೆರಳಿನಷ್ಟು ಎತ್ತರ. ಅವಳ ಸೆರಗಿನ ಕೆಳಗೆ ಮುಖವಿಲ್ಲ, ಬರೀ ಕಂದು ನೆರಳು. ಖರೇ ಗುಡಿ ನಾನು ಹುಟ್ಟುವ ಮೊದಲೇ ಪೂರ್ತಿ ಬಿದ್ದುಹೋಗಿ, ಕಲ್ಲುಗಳು ಅವರಿವರ ಗೋಡೆ ಸೇರಿದ್ದವು. ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲೂ ಅರ್ಧ ಕಮಲವಿತ್ತು. ಅದಕ್ಕೆ ಆಯಿ ಹೇಳುವುದು:

"ಗುಡಿ ಅಲ್ಲಿಲ್ಲವಾ ಈಗ, ಇಲ್ಲೈತಿ. ಗೋರಾ ಸಾಹೇಬ ಕುದರಿ ಕಟ್ಟಿ ಮೂರು ದಿನ ಬೇವಿನ ಗಿಡದ ಬುಡಕ ಕುಂತಿದ್ನಂತ. ನಮ್ಮ ಹಿರಿಯವ್ವ ದಿನಾ ಅವಗ ಒಂದು ಕೊಡ ನೀರು ಕೊಟ್ಲಂತ. ಆದ್ರ ಸೆರಗು ತಗೀಲಿಲ್ಲ. ಮುಖಾ ಕಾಣ್ಲಿಲ್ಲ, ಅದಕ್ಕ ಅವ ಬರೀಲಿಲ್ಲ. ಹೋಗೂಮುಂದ ಚಿತ್ರಾನ ನೀರು ಕೊಟ್ಟಾಕಿಗೆ ಬಿಟ್ಟುಹೋದ. ಕಾಣದ್ದನ್ನ ಬರೀಲಿಲ್ಲ ನೋಡು, ಅಷ್ಟರ ಮಟ್ಟಿಗೆ ಚಲೋ ಮನಷ್ಯಾ."

ಪ್ರತಿ ಸೋಮವಾರ ಆಯಿ ಆ ಗುಡಿಗೆ ಪೂಜೆ ಮಾಡುತ್ತಿದ್ದಳು. ಗಾಜು ಇಲ್ಲದ ಕಾಲದಲ್ಲಿ ಅವಳ ಅತ್ತೆ, ಆಮೇಲೆ ಅವಳು, ಒದ್ದೆ ಬೆರಳಿನಿಂದ ಕಾಗದಕ್ಕೇ ವಿಭೂತಿ ಹಚ್ಚಿದ್ದರು. ಹಚ್ಚಿ ಹಚ್ಚಿ ಗುಡಿಯ ಮೆಟ್ಟಿಲ ಕೆಳಗೆ ಹೆಬ್ಬೆರಳ ಅಗಲದ ಬಿಳಿ ಪಟ್ಟಿ ಕೂತುಬಿಟ್ಟಿತ್ತು. ಗಾಜು ಬಂದ ಮೇಲೆ ವಿಭೂತಿ ಗಾಜಿಗೆ; ಒಳಗಿನ ಹಳೆಯ ಪಟ್ಟಿ ಹಾಗೇ ಉಳಿಯಿತು.

ನನಗೆ ಹನ್ನೆರಡು ತುಂಬಿದ ವರ್ಷ ಒಂದು ಜೀಪು ಬಂತು. ಹಾಳು ಗುಡಿಗಳ ಹಳೆಯ ಚಿತ್ರಗಳನ್ನು ಹುಡುಕಿಕೊಂಡು ತಿರುಗುವವರು, ದೊಡ್ಡ ಶಹರದವರು. ಬೆನ್ನಲ್ಲೇ ಫೋಟೋ ಕಾಣಿಸುವ ಕ್ಯಾಮೆರಾ ಅವರ ಕೊರಳಲ್ಲಿ. ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಅವರಿಗೆ ಮೂರು ದಿನ ಸೂಡಿ, ಇಟಗಿ, ಗಜೇಂದ್ರಗಡ ತೋರಿಸಿ, ಕಡೆಯ ದಿನ ಊಟಕ್ಕೆ ಕರೆತಂದ. ಪಡಸಾಲೆಯಲ್ಲಿ ಉಣ್ಣುತ್ತ ಕೂತವರ ಕಣ್ಣು ತೆರೆದ ಬಾಗಿಲಿನಿಂದ ದೇವರ ಕೋಣೆಗೆ ಹೋಯಿತು. ಕೈಯಲ್ಲಿನ ತುತ್ತು ಹಾಗೇ ನಿಂತಿತು. ಒಂದು ಸಲ ಇಳಿಸಿ ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಕೇಳಿದರು.

"ನೋಡ್ರಿ, ನೋಡಾಕ ಯಾರೂ ಬ್ಯಾಡನ್ನೂದಿಲ್ಲ. ಇಳಿಸಿ ಕೈಗೆ ಕೊಡಾಕ ಮಾತ್ರ ಆಗೂದಿಲ್ರಿ. ಗುಡೀನ ಕಿತ್ತು ಕೊಟ್ಟಂಗ ಆಗ್ತೈತಿ," ಎಂದಳು ಆಯಿ. ಮತ್ತೊಂದು ರೊಟ್ಟಿ ಹಾಕಿದಳು.

ಅವರು ಹೊಸ್ತಿಲಾಚೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಅವರೂ ಕಾಕಾನೂ ಬೇವಿನ ಗಿಡದ ಕೆಳಗೆ ಜೀಪಿಗೆ ಒರಗಿ ಮಾತಾಡುತ್ತ ನಿಂತಿದ್ದರು. ಕಾಕಾ ಅಟ್ಟದ ಮೇಲಿನ ಟ್ರಂಕು ಇಳಿಸಿ ತನ್ನ ಚಿತ್ರಗಳನ್ನು ತೋರಿಸಿದ್ದನ್ನು ಕಿಟಕಿಯಿಂದ ಕಂಡೆ. ಆ ಟ್ರಂಕನ್ನು ಅವನು ಯಾರಿಗೂ ತೆರೆದು ತೋರಿಸಿದವನಲ್ಲ.

ಮರುವಾರದಿಂದ ಕಾಕಾ ನನಗೆ ನೀರಿನ ಬಣ್ಣ ಕಲಿಸತೊಡಗಿದ. ಮೊದಲೂ ಕಲಿಸುತ್ತಿದ್ದ, ಆದರೆ ಇಷ್ಟು ಪ್ರೀತಿಯಿಂದಲ್ಲ. ದೇವರ ಕೋಣೆಯ ಹೊಸ್ತಿಲಲ್ಲಿ ಕೂತು ಸಾಹೇಬನ ಚಿತ್ರ ನೋಡಿ ನೋಡಿ ತೆಗೆಯುವುದು. ಆಯಿಗೆ ಇದರಿಂದ ಸಂತೋಷವೇ ಆಯಿತು. "ದೇವರ ಮುಂದ ಕುಂತು ಬರೀತಾಳ, ಜಪಾ ಮಾಡಿದಂಗ," ಎಂದು ಓಣಿಯಲ್ಲಿ ಹೇಳಿಕೊಂಡಳು. ಸ್ನಾನ ಮಾಡದೆ ಬ್ರಶ್ ಮುಟ್ಟಗೊಡುತ್ತಿರಲಿಲ್ಲ. ಕಾಕಾ ನನ್ನ ಹೆಗಲ ಹಿಂದೆ ಕೂತು ಹೇಳುತ್ತಿದ್ದ:

"ನೀರಿನ ಬಣ್ಣದಾಗ ಬಿಳೀದು ಹಚ್ಚೂದಲ್ಲ ಲೀಲಿ, ಬಿಡೂದು. ಕಾಗದ ಬಿಳೇದೈತಿ, ಎಲ್ಲಿ ಬೆಳಕೈತಿ ಅಲ್ಲಿ ಅದನ್ನ ಉಳಿಸಿಕೋ. ಬಿಳಿ ಹಚ್ಚಿದಿ ಅಂದ್ರ ಸುಳ್ಳು ಹೇಳಿದಂಗ."

ಒಂದಾದ ಮೇಲೊಂದು ಪ್ರತಿ ಮಾಡಿದೆ. ಶಿಖರ ದಪ್ಪವಾಗುತ್ತಿತ್ತು, ಕಂಬ ಹೆಚ್ಚು ವಾಲುತ್ತಿತ್ತು; ಕಾಕಾ ಹರಿದುಹಾಕಿ ಮತ್ತೆ ಬರೆಯಲು ಹಚ್ಚುತ್ತಿದ್ದ. ಮಳೆಗಾಲದ ಹೊತ್ತಿಗೆ ಕೈ ಕೂತಿತು. ಕಡೆಯ ಪ್ರತಿಗೆ ಕಾಕಾ ದಪ್ಪ ಕಾಗದ ತಂದ. ಅದನ್ನು ಚಾದ ನೀರಿನಲ್ಲಿ ಅದ್ದಿ ಒಣಗಿಸಿದ. ಹಳೆಯ ಬಣ್ಣ ಬರುತ್ತದೆ ನೋಡು ಎಂದಾಗ ನಾನು ಚಪ್ಪಾಳೆ ತಟ್ಟಿದ್ದೆ. ಚಿತ್ರ ಮುಗಿದ ಮೇಲೆ ಬಿಳಿಯ ಟ್ಯೂಬು ನನ್ನ ಕೈಗಿಟ್ಟ.

"ಮೆಟ್ಟಿಲ ಕೆಳಗ ಆ ಪಟ್ಟಿ ಹಚ್ಚು."

"ಬಿಳೀದು ಹಚ್ಚಬಾರದು ಅಂದಿದ್ದಿ?"

"ಇದೊಂದಕ್ಕ ಹಚ್ಚು. ಇದು ಬೆಳಕಲ್ಲ, ವಿಭೂತಿ."

ಹಚ್ಚಿದೆ. ಇನ್ನೊಂದು ಬ್ರಶ್ಶಿನ ತುದಿಯಲ್ಲಿ ತುಸು ಕಪ್ಪು ಉಳಿದಿತ್ತು. ಇಷ್ಟು ತಿಂಗಳು ಮುಖವಿಲ್ಲದ ಹಿರಿಯವ್ವನನ್ನು ನೋಡಿ ನೋಡಿ ನನಗೆ ಪಾಪ ಅನ್ನಿಸಿತ್ತು. ಕಾಕಾ ನೀರು ಚೆಲ್ಲಲು ಹಿತ್ತಲಿಗೆ ಹೋದಾಗ ಸೆರಗಿನ ನೆರಳಿನಲ್ಲಿ ಎರಡು ಚುಕ್ಕೆ ಇಟ್ಟೆ, ಸಾಸಿವೆಗಿಂತ ಸಣ್ಣವು. ಅವನು ನೋಡಲಿಲ್ಲ. ಶಾಲೆಯಲ್ಲಿ ತೋರಿಸುತ್ತೇನೆಂದು ಚಿತ್ರ ಒಯ್ದ. ಆ ರವಿವಾರ ಆಯಿಯನ್ನು, ಅವ್ವನನ್ನು, ನನ್ನನ್ನು ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನಕ್ಕೆ ತಾನೇ ಬಸ್ಸು ಹತ್ತಿಸಿ ಕಳಿಸಿದ. ನನ್ನ ಕೈಗೆ ಶೇಂಗಾದ ಪೊಟ್ಟಣ ಕೊಟ್ಟ. ಗುಡ್ಡದ ಮೆಟ್ಟಿಲ ಮೇಲೆ ಆಯಿ ನನ್ನ ಹೆಗಲು ಹಿಡಿದು ಹತ್ತಿದಳು. ಕಣ್ಣಲ್ಲಿ ಮೋತಿಬಿಂದಿನ ಪೊರೆ ಬಂದು ಅವಳಿಗೆ ಮೆಟ್ಟಿಲೆಲ್ಲ ಹಾಲು ಚೆಲ್ಲಿದಂತೆ ಕಾಣುತ್ತಿತ್ತು.

ಶ್ರಾವಣದ ಮೊದಲ ಸೋಮವಾರಕ್ಕೆ ಮುಂಚೆ ದೇವರ ಕೋಣೆ ತೊಳೆಯುವುದು ರೂಢಿ. ಗಾಜು ಒರೆಸಲು ಅವ್ವ ನನಗೆ ಚೌಕಟ್ಟು ಇಳಿಸಿ ಕೊಟ್ಟಳು. ವರ್ಷಕ್ಕೊಮ್ಮೆ ಆ ಕೆಲಸಕ್ಕೆ ಮಾತ್ರ ಅದು ಇಳಿಯುತ್ತಿತ್ತು. ಗಾಜು ಸರಿಸಿದಾಗ ಒಳಗಿನ ಹಳೆಯ ವಿಭೂತಿಯನ್ನು ಬೆರಳಿಗೆ ತಾಗಿಸಿಕೊಂಡು ಹಣೆಗೆ ಹಚ್ಚಿಕೊಳ್ಳಬೇಕು, ಅದು ಅಜ್ಜಿ-ಮುತ್ತಜ್ಜಿಯರ ಕೈಯ ವಿಭೂತಿ. ನಾನೂ ಬೆರಳಿಟ್ಟೆ. ಬೆರಳಿಗೆ ಏನೂ ಬರಲಿಲ್ಲ. ಉಜ್ಜಿದೆ. ಗಟ್ಟಿಯಾಗಿ, ನುಣ್ಣಗೆ ಕೂತಿತ್ತು. ಆಮೇಲೆ ಹಿರಿಯವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದಳು.

ಆ ದಿನ ದೇವರು ಮಾಡಿದ ಉಪಕಾರ ಒಂದೇ: ಗಾಜು ನನ್ನ ಕೈಯಿಂದ ಜಾರಲಿಲ್ಲ.

ಕಾಕಾ ಹಿತ್ತಲಿನ ಗೋಡೆಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದ. ಹೋಗಿ ಬೆನ್ನ ಹಿಂದೆ ನಿಂತೆ.

"ಕಾಕಾ, ಜಗಲಿ ಮ್ಯಾಲ ಇರೂದು ನನ್ನ ಚಿತ್ರ."

ಕನ್ನಡಿಯಲ್ಲಿ ಅವನ ಕೈ ನಿಂತಿತು.

"ಯಾರಿಗೆ ಹೇಳಿದಿ?"

"ಯಾರಿಗೂ ಇಲ್ಲ."

"ಶಾಣ್ಯಾಕಿ." ಮುಖ ತೊಳೆದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಊದಿನಕಡ್ಡಿ ಹೊಗಿ ತಿಂದು ತಿಂದು ಅದು ಸಾಯಾಕತ್ತಿತ್ತು ಲೀಲಿ. ಜೀಪಿನ ಸಾಹೇಬ್ರಿಗೆ ಕೊಟ್ಟೆ, ಅವರು ಗಾಳಿ ಹತ್ತದಂಗ ಇಡ್ತಾರ. ಸಾಹೇಬ್ರು ನನ್ನ ಚಿತ್ರಾನೂ ನೋಡ್ಯಾರ, ಬೆಂಗಳೂರಾಗ ಪ್ರದರ್ಶನಾ ಇಡಸ್ತೀನಿ ಅಂದಾರ. ಇಷ್ಟು ವರ್ಷ ಬರದೀನಲಾ, ನನ್ನ ಚಿತ್ರ ಯಾರು ನೋಡ್ಯಾರ ಹೇಳು?"

"ಆಯಿ ಬ್ಯಾಡ ಅಂದಿದ್ಲಲ್ಲ?"

"ನಿಮ್ಮ ಆಯಿ ಕಣ್ಣಿಗೆ ಎರಡೂ ಒಂದ. ಅಷ್ಟು ಚಲೋ ಐತಿ ನಿನ್ನ ಕೈ." ಆಮೇಲೆ ದನಿ ಇಳಿಸಿದ. "ಬರದಾಕಿ ನೀನು. ಹೇಳೂದಾದ್ರ ಇಬ್ಬರ ಹೆಸರೂ ಹೇಳಬೇಕಾಗ್ತೈತಿ."

ನಿಮ್ಮಿಂದ ಮುಚ್ಚಿಡುವುದೇಕೆ, ನಿನ್ನ ಕೈ ಚಲೋ ಐತಿ ಎಂಬ ಮಾತಿಗೆ ಆ ಗಳಿಗೆಯಲ್ಲೂ ನನ್ನ ಎದೆ ಉಬ್ಬಿತ್ತು. ಆ ಉಬ್ಬಿದ್ದಕ್ಕೇ ನಾನು ಇವತ್ತಿಗೂ ದೇವರಲ್ಲಿ ಕ್ಷಮೆ ಕೇಳುತ್ತೇನೆ. ಮರುದಿನ ಆಯಿ ಪೂಜೆಗೆ ಕೂತಳು. ನಾನು ಬರೆದ ಗುಡಿಗೆ ಬಿಲ್ವಪತ್ರೆ ಏರಿಸಿ, ನಾನು ಬರೆದ ಮೆಟ್ಟಿಲಿಗೆ ತಲೆಬಾಗಿ, ನಮ್ಮ ಲೀಲಿಗೆ ವಿದ್ಯೆ ಕೊಡು ಎಂದು ಬೇಡಿಕೊಂಡಳು. ಅಡಿಗೆಮನೆಯಲ್ಲಿ ಕಾಕಾ ಗಾಳಿಯಲ್ಲಿ ರೊಟ್ಟಿ ಹಿಡಿದ. ನನ್ನ ರೊಟ್ಟಿ ನೆಲಕ್ಕೆ ಬಿತ್ತು.

ದಸರೆ ಮುಗಿದ ಮೇಲೆ ಅಪ್ಪ ಆಯಿಯ ಕಣ್ಣಿನ ಆಪರೇಶನ್ನಿಗೆ ಗದಗಿನ ದವಾಖಾನೆಯಲ್ಲಿ ದಿನ ಗೊತ್ತುಮಾಡಿದ. ಕಾಕಾ ಅಡ್ಡ ಬಂದ. ಈ ವಯಸ್ಸಿಗೆ ಯಾಕೆ, ಚಳಿ ಹೋಗಲಿ, ಸುಗ್ಗಿ ಆಗಲಿ ಎಂದ. "ನಿನಗೇನಾತೋ, ಕಣ್ಣು ಹೋಗೂದು ನಂದು, ಚಳಿ ಹತ್ತೂದು ನಿನಗಾ?" ಎಂದು ಆಯಿ ಅವನ ಬಾಯಿ ಮುಚ್ಚಿಸಿದಳು. ಕಣ್ಣು ಬಂದ ಮೇಲೆ ಮೊದಲು ಹಿರಿಯವ್ವನ ಗುಡಿ ನೋಡುವುದು ಎಂದು ಹರಕೆ ಹೊತ್ತಳು. ಆಯಿ ಗದಗಿಗೆ ಹೋದ ಆ ಮೂರು ದಿನ ನಾನು ದೇವರ ಮುಂದೆ ಕೂತು, ಆಯಿಯ ಕಣ್ಣು ಬರದಿರಲಿ ಎಂದು ಬೇಡಿಕೊಂಡೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ. ಹಾಗೆ ಬೇಡಿದ್ದನ್ನು ದೇವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬದುಕಿನಲ್ಲಿ ಎಣಿಸುವ ಉಪಕಾರಗಳಲ್ಲಿ ಅದಕ್ಕೇ ಮೊದಲ ಲೆಕ್ಕ.

ಕರಿ ಕನ್ನಡಕ ಹಾಕಿಕೊಂಡು ಆಯಿ ಬಂದಳು. ಕಾಲು ತೊಳೆದವಳೇ ದೇವರ ಕೋಣೆಗೆ ಹೋದಳು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ಸಮೆಯ ಬತ್ತಿ ಏರಿಸಿದ ಸಪ್ಪಳ. ಕನ್ನಡಕ ತೆಗೆದಿಟ್ಟ ಸಪ್ಪಳ. ಆಮೇಲೆ ಆಯಿ ಕೂಗಿದಳು:

"ಏ ಯವ್ವಾ, ಬರ್ರೇ! ಹಿರಿಯವ್ವ ಕಣ್ಣು ಬಿಟ್ಟಾಳ!"

ಅವ್ವ ಓಡಿದಳು. ಪಕ್ಕದ ಮನೆಯ ಬಿಬಿಜಾನ್ ಚಾಚಿ ಹೊಲಿಯುತ್ತಿದ್ದ ಕೌದಿ ಬಿಟ್ಟು ಬಂದಳು. ಇವಳು ಆಯಿಯ ಹರೆಯದ ಗೆಳತಿ, ಬಾಯಿಗೆ ಲಗಾಮಿಲ್ಲ. ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

"ಖರೇನ ಎರಡು ಕಣ್ಣು ಅದಾವಲ್ಲವಾ. ಆಪರೇಶನ್ ನಿನಗ ಆತೋ, ಚಿತ್ರದಾಗಿನ ಅಕಿಗ ಆತೋ?"

ನಗುನಗುತ್ತ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಇಷ್ಟು ತಲೆಮಾರು ಸೆರಗು ತೆಗೆಯದವಳು ನನ್ನ ಕಣ್ಣು ಬಂದ ದಿನ ಕಣ್ಣು ಬಿಟ್ಟಳು ಎಂದು ಮನೆ ಮನೆಗೆ ಹೇಳಿದಳು. ಹೆಂಗಸರು ಹೂ ತಂದರು. ಸಂಜೆಯ ಬಸ್ಸಿಗೆ ಬಂದ ಕಾಕಾ ಪಡಸಾಲೆಯ ಮಂದಿಯ ನಡುವೆ ಬಿಳಿಚಿ ನಿಂತ. ಚಿತ್ರವನ್ನು ನೋಡಿದ, ನನ್ನನ್ನು ನೋಡಿದ, ತಿಳಿದುಕೊಂಡ. ಅವನು ಏನೂ ಅನ್ನದಿದ್ದರೆ ನಾನೂ ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಅವನು ಎರಡೂ ಕೈ ಜೋಡಿಸಿದ.

"ಹೌದ್ರಿ, ನಾನೂ ಸಣ್ಣಾಂವ ಇದ್ದಾಗಿಂದ ನೋಡೀನಿ, ಕಣ್ಣು ಇದ್ದಿದ್ದಿಲ್ಲ. ದೇವರ ಆಟ."

ಅವನ ಕೈಯೊಳಗಿನ ಬ್ರಶ್ಶಿನಿಂದ ನಾನು ಕಲಿತದ್ದೆಲ್ಲ ಆ ಗಳಿಗೆಗೆ ನನ್ನೊಳಗೆ ಒಣಗಿತು.

ಸೋಮವಾರ ಬೆಳಿಗ್ಗೆ ಆಯಿ ಹೊಸ ಕಣ್ಣಿನ ಹರಕೆಯ ಕಾಯಿ ಒಡೆಯಲು ಕೂತಿದ್ದಳು. ಕಾಯಿ ಎತ್ತಿದ ಅವಳ ಕೈ ಹಿಡಿದುಕೊಂಡೆ. ಚಾದ ನೀರು, ಬಿಳಿಯ ಟ್ಯೂಬು, ಗಜೇಂದ್ರಗಡದ ಬಸ್ಸು, ಕಣ್ಣು ಬರದಿರಲಿ ಎಂದು ಬೇಡಿದ್ದು, ಒಂದೂ ಬಿಡದೆ ಹೇಳಿದೆ. ಆಯಿ ಕಾಯಿಯನ್ನು ನಿಧಾನಕ್ಕೆ ಕೆಳಗಿಟ್ಟಳು.

"ವಿಭೂತಿನೂ ನೀನ ಬರದ್ಯಾ?"

"ಹೂಂ."

"ನಮ್ಮತ್ತಿ ಬೆರಳು ಇದ್ವು ಅದರಾಗ." ಅಳಲಿಲ್ಲ, ಕಣ್ಣಿಗೆ ಹನಿ ತಾಗಬಾರದೆಂದು ದವಾಖಾನೆಯಲ್ಲಿ ಹೇಳಿದ್ದರು. ಹೇಳಿದ ಪಥ್ಯವನ್ನು ಅವಳು ಮೀರುವವಳಲ್ಲ. ಆಮೇಲೆ ಕೇಳಿದಳು: "ನೀರು ಹಚ್ಚಿದ್ರ ಹೋಗ್ತೈತೇನು ಇದು?"

"ಹೋಗ್ತೈತಿ."

"ಇಳಿಸು. ಆ ವಿಭೂತಿ ತೊಳಿ."

ಬತ್ತಿಯ ಅರಳೆಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಬಿಳಿಯ ಪಟ್ಟಿಯನ್ನು ಒರೆಸಿದೆ. ಬಿಳಿ ಹೋಯಿತು, ಅದರ ಜೊತೆ ಕೆಳಗಿನ ಮಣ್ಣಿನ ಬಣ್ಣವೂ ಹೋಗಿ ಚಾದ ಕಲೆ ಮಾತ್ರ ಉಳಿಯಿತು. ಅರಳೆಯನ್ನು ಹಿರಿಯವ್ವನ ಮುಖದ ಕಡೆ ಒಯ್ದಾಗ ಆಯಿ ನನ್ನ ಮುಂಗೈ ಹಿಡಿದಳು.

"ಅದು ಇರಲಿ. ಅದನ್ನ ಯಾರೂ ನಿನಗ ಬರಿ ಅಂದಿದ್ದಿಲ್ಲ."

ಕರಡಿಗೆಯಿಂದ ವಿಭೂತಿ ತೆಗೆದು, ಬೆರಳು ಒದ್ದೆ ಮಾಡಿ, ತೊಳೆದ ಜಾಗಕ್ಕೆ ತಾನೇ ಹಚ್ಚಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಸಕ್ಕರೆ ಹಂಚಿದ ಮನೆಗಳಿಗೆಲ್ಲ ಮತ್ತೆ ಹೋದಳು. ಕಣ್ಣು ಬಿಟ್ಟಿಲ್ಲ, ನಮ್ಮ ಹುಡುಗಿ ಬರೆದಾಳೆ, ಗುಡಿ ನಮ್ಮ ಮನೆಯಲ್ಲಿಲ್ಲ ಎಂದು ಹೇಳಿಬಂದಳು. ಬಿಬಿಜಾನ್ ಚಾಚಿ ಅವತ್ತು ಚಾಷ್ಟಿ ಮಾಡಲಿಲ್ಲ. ಆಯಿಯ ಕೈ ಹಿಡಿದು ನಮ್ಮ ಬಾಗಿಲ ತನಕ ಬಂದು ಬಿಟ್ಟುಹೋದಳು.

ಆ ಸಂಜೆ ಕಾಕಾ ಬಸ್ಸಿಳಿದು ಕಾಲು ತೊಳೆದು ಅಡಿಗೆಮನೆಗೆ ಬಂದ. ಒಲೆಯ ಹತ್ತಿರ ಅವನ ತಾಟು ಇರಲಿಲ್ಲ.

"ಇಲ್ಯಾಕ್ರಿ ಮಾಸ್ತರ, ಪಡಸಾಲ್ಯಾಗ ಕೂಡ್ರಿ," ಎಂದಳು ಆಯಿ, ಹಂಚಿನಿಂದ ಕಣ್ಣೆತ್ತದೆ. "ಲೀಲಿ, ಜಮಖಾನಿ ಹಾಸವ್ವಾ."

ಕಾಕಾ ಚಾಷ್ಟಿ ಎಂದುಕೊಂಡು ನಕ್ಕ. ಹಾಸಿದ ಜಮಖಾನೆ, ಬೆಳಗಿದ ದೊಡ್ಡ ತಾಟು, ತಂಬಿಗೆ ನೋಡಿದ ಮೇಲೆ ಅವನ ಮುಖ ನನ್ನಿಂದ ನೋಡಲಾಗಲಿಲ್ಲ. "ಯವ್ವಾ," ಎಂದ. ಆಯಿ ಬಂದು ಸೆರಗು ಹೊದ್ದು ನಿಂತಳು. ರೊಟ್ಟಿಯನ್ನು ಎರಡೂ ಕೈಯಿಂದ ಮೆಲ್ಲಗೆ ತಾಟಿನಲ್ಲಿಟ್ಟಳು.

"ಸಂಕೋಚ ಮಾಡ್ಕೋಬ್ಯಾಡ್ರಿ. ಇನ್ನೊಂದು ಹಾಕ್ಕೋರಿ."

ಬೈಗುಳವೊಂದನ್ನೂ ಅವಳು ಆಡಲಿಲ್ಲ. ಅಪ್ಪ ಕೂಗಾಡಿದ, ಅವ್ವ ಅತ್ತಳು. ಆಯಿ ಸಾಯುವ ತನಕ ಮಗನಿಗೆ ಮರ್ಯಾದೆ ಕೊಟ್ಟಳು. ಕಾಕಾ ಚಿತ್ರ ವಾಪಸು ತರುತ್ತೇನೆಂದು ಎರಡು ಸಲ ಬೆಂಗಳೂರಿಗೆ ಹೋಗಿ ಬಂದ. ಜೀಪಿನವರು ಕೊಟ್ಟ ನಂಬರು ಹತ್ತಲಿಲ್ಲ. ಪ್ರದರ್ಶನವೂ ಆಗಲಿಲ್ಲ, ಟ್ರಂಕು ಮತ್ತೆ ಅಟ್ಟ ಸೇರಿತು. ನನ್ನ ತಾಟನ್ನು ಮಾತ್ರ ಆಯಿ ಕದಲಿಸಲಿಲ್ಲ, ಅದು ಒಲೆಯ ಹತ್ತಿರವೇ ಇತ್ತು. ಅವಳು ಒಗೆದ ರೊಟ್ಟಿ ತೊಡೆಯ ಮೇಲೆ ಬಿದ್ದು ಸುಟ್ಟಾಗಲೆಲ್ಲ ನಾನು ದೇವರಿಗೆ ಕೈ ಮುಗಿಯುತ್ತಿದ್ದೆ. ಬ್ರಶ್ ಮತ್ತೆ ಹಿಡಿಯಲಿಲ್ಲ.

ಆಯಿ ಹೋಗುವಾಗ ಚಿತ್ರವನ್ನು ನನ್ನ ಹೆಸರಿಗೆ ಹೇಳಿಹೋದಳು. ಈಗ ಅದು ನರಗುಂದದ ನನ್ನ ಗಂಡನ ಮನೆಯ ದೇವರ ಕೋಣೆಯಲ್ಲಿದೆ. ಕಾಕಾ ನಿವೃತ್ತನಾಗಿ ಈಗ ರೋಣದಲ್ಲಿ ಇದ್ದಾನೆ. ಈ ಕಡೆ ಬಂದರೆ ನಮ್ಮಲ್ಲಿಗೆ ಬರುತ್ತಾನೆ. ಬಂದಾಗಲೆಲ್ಲ ಅಡಿಗೆಮನೆಯ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ. ಒಳಗೆ ಬಾ ಕಾಕಾ ಎನ್ನಬೇಕೆಂದು ನನಗೂ ಅನ್ನಿಸುತ್ತದೆ; ವಯಸ್ಸಾದವರ ಮೇಲೆ ಸಿಟ್ಟು ಇಟ್ಟುಕೊಂಡು ಪೂಜೆಗೆ ಕೂಡುವುದು ಪಾಪವೆಂದು ಗೊತ್ತು. ಬಾಯಿ ಮಾತ್ರ ಬೇರೆಯದನ್ನೇ ಅನ್ನುತ್ತದೆ.

ಹೋದ ತಿಂಗಳು ಬಂದಾಗ ಊಟದ ನಡುವೆ ಕಿಸೆಯಿಂದ ಮೊಬೈಲು ತೆಗೆದ. ಎಲ್ಲೋ ದೂರದ ದೇಶದವರು ಹಳೆಯ ಚಿತ್ರಗಳನ್ನು ಹಾಕಿದ್ದಾರಂತೆ. ಅದೇ ಗುಡಿ, ಅದೇ ವಾಲಿದ ಕಂಬ, ಮುಖವಿಲ್ಲದ ಅದೇ ಹಿರಿಯವ್ವ.

"ನೋಡು ಲೀಲಿ, ಎಷ್ಟು ಚೊಕ್ಕ ಇಟ್ಟಾರ. ಒಂದು ಕಲಿ ಇಲ್ಲ."

ನೋಡಿದೆ. ಮೆಟ್ಟಿಲ ಕೆಳಗೆ ಬರೀ ಮಣ್ಣಿನ ಬಣ್ಣ ಹೊಳೆಯುತ್ತಿತ್ತು. ಆಯಿಯ ಬೆರಳನ್ನೂ ಅವಳ ಅತ್ತೆಯ ಬೆರಳನ್ನೂ ಯಾರೋ ಗುರುತಿಲ್ಲದಂತೆ ತೊಳೆದುಬಿಟ್ಟಿದ್ದರು.

ಎದ್ದು ಒಳಗೆ ಹೋದೆ. ಹಂಚಿನ ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ತಂದು ಅವನ ತಾಟಿನಲ್ಲಿಟ್ಟೆ.

"ಉಣ್ರಿ ಕಾಕಾರ," ಎಂದೆ. "ರೊಟ್ಟಿ ಆರ್ತಾವ."